ಬಿ.ಎಡ್. ಮೊದಲೋ, ವೀಸಾ ಮೊದಲೋ

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ, ಪಾಠ ಹೇಳುವ ಕೆಲಸದ ಮೇಲೆ ಮನಸ್ಸಿಟ್ಟ ಹುಡುಗ ಹುಡುಗಿಯರ ಮನೆಗಳಲ್ಲಿ ಈಗೊಂದು ಹೊಸ ಚರ್ಚೆ ನಡೆಯುತ್ತದೆ. ಇನ್ನೆರಡು ವರ್ಷ ಬಿ.ಎಡ್.ಗೆ ಕೂರುವುದೋ, ಇಲ್ಲ, ಹೇಗೂ ಇಂಗ್ಲಿಷ್ ಬರುತ್ತದೆ, ಗಣಿತ ಬರುತ್ತದೆ ಎಂದು ನೇರವಾಗಿ ಹೊರದೇಶದ ಶಾಲೆಯೊಂದಕ್ಕೆ ಹೋಗಿಬಿಡುವುದೋ? ಮೊಬೈಲಿಗೆ ಬರುವ ಜಾಹೀರಾತುಗಳು ಎರಡನೆಯದನ್ನೇ ಹೇಳುತ್ತವೆ. 120 ಗಂಟೆಗಳ ಆನ್‌ಲೈನ್ ಕೋರ್ಸು, ಕೈಗೊಂದು ಸರ್ಟಿಫಿಕೇಟು, ಆಮೇಲೆ ದುಬೈ, ಮಾಲ್ಡೀವ್ಸ್, ವಿಯೆಟ್ನಾಂ. ಅಪ್ಪ ಅಮ್ಮ ಫೀಸಿನ ಲೆಕ್ಕ ಹಾಕುತ್ತಾರೆ. ಸಂಬಂಧಿಕರಲ್ಲಿ ಗಲ್ಫ್‌ಗೆ ಹೋದವರಿದ್ದರೆ ಅವರಿಗೆ ಫೋನು ಹೋಗುತ್ತದೆ. ನನ್ನ ಬಳಿಯೂ ಈ ಪ್ರಶ್ನೆ ಹೊತ್ತು ಬರುವವರಿದ್ದಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಈ ಪ್ರಶ್ನೆ ಹುಟ್ಟಿದ ನೆಲ ಬೇರೆ. ಅಮೆರಿಕ, ಬ್ರಿಟನ್, ಕೆನಡಾಗಳ ಪದವೀಧರರಿಗೆ ಇದು ನಿಜವಾಗಿಯೂ ಎರಡು ದಾರಿಗಳ ನಡುವಿನ ಆಯ್ಕೆ. ಜಪಾನ್ ಸರ್ಕಾರ 1987ರಲ್ಲಿ ಜೆಟ್ ಯೋಜನೆ ಆರಂಭಿಸಿ, ಯಾವುದೇ ವಿಷಯದಲ್ಲಿ ಪದವಿ ಪಡೆದ ತರುಣ ತರುಣಿಯರನ್ನು ಶಾಲೆಗಳಿಗೆ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ ಕರೆಸಿಕೊಳ್ಳತೊಡಗಿತು. ದಕ್ಷಿಣ ಕೊರಿಯಾದಲ್ಲೂ ಅಂಥ ವ್ಯವಸ್ಥೆಯಿದೆ. ಅಲ್ಲಿ ಇಂಗ್ಲಿಷ್ ಕಲಿಸಲು ಬೇಕಾದ ಇ-2 ವೀಸಾ ಮುಖ್ಯವಾಗಿ ಏಳು ದೇಶಗಳ ಪೌರರಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. ಆ ಏಳರಲ್ಲೊಂದು ಪಾಸ್‌ಪೋರ್ಟು ಇದ್ದವರು ಶಿಕ್ಷಕ ತರಬೇತಿಯನ್ನು ಮುಂದೂಡಿ ಒಂದೆರಡು ವರ್ಷ ಊರು ಸುತ್ತಿ, ಪಾಠ ಮಾಡಿ, ಈ ಕೆಲಸ ತಮಗೆ ಒಗ್ಗುತ್ತದೆಯೇ ಎಂದು ನೋಡಿಕೊಂಡು ಮನೆಗೆ ಮರಳಬಹುದು. ಅವರ ಅನುಭವಗಳನ್ನು ಓದಿದ ನಮ್ಮ ಹುಡುಗರು ಅದೇ ಆಯ್ಕೆ ತಮ್ಮ ಮುಂದೆಯೂ ಇದೆಯೆಂದು ತಿಳಿಯುತ್ತಾರೆ.

ಭಾರತದ ಪಾಸ್‌ಪೋರ್ಟು ಹಿಡಿದವರಿಗೆ ಬಾಗಿಲುಗಳು ತೆರೆಯುವ ಕ್ರಮವೇ ಬೇರೆ. ಅದೇ ಕೊರಿಯಾವನ್ನು ನೋಡಿ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದ ನಮ್ಮವರಿಗೂ ಇಂಗ್ಲಿಷ್ ಸಹಾಯಕ ಶಿಕ್ಷಕರಾಗುವ ಅವಕಾಶ ಕೊಟ್ಟಿತು, ಆದರೆ ಶಿಕ್ಷಕ ಅರ್ಹತೆಯ ಪ್ರಮಾಣಪತ್ರ ಇರುವವರಿಗೆ. ಇಂಗ್ಲೆಂಡ್ 2023ರ ಫೆಬ್ರವರಿಯಿಂದ ಭಾರತವೂ ಸೇರಿದಂತೆ ಇನ್ನೂ ಕೆಲವು ದೇಶಗಳ ಶಿಕ್ಷಕರು ಅಲ್ಲಿನ ಅರ್ಹತೆಗೆ, ಅಂದರೆ ಕ್ಯೂಟಿಎಸ್‌ಗೆ, ಇಲ್ಲಿಂದಲೇ ಅರ್ಜಿ ಹಾಕುವ ಅವಕಾಶ ಮಾಡಿತು. ಅದು ಗಣಿತ, ವಿಜ್ಞಾನ ಮತ್ತು ಭಾಷೆಗಳನ್ನು ಕಲಿಸಲು ತರಬೇತಿ ಪಡೆದು, ತರಬೇತಿಯ ಬಳಿಕ ಕನಿಷ್ಠ ಒಂದು ಶೈಕ್ಷಣಿಕ ವರ್ಷ ತರಗತಿಯಲ್ಲಿ ನಿಂತವರಿಗೆ. ಅಮೆರಿಕದ ಶಾಲೆಗಳು ಹೊರದೇಶದ ಶಿಕ್ಷಕರನ್ನು ಕರೆಸಿಕೊಳ್ಳುವ ಜೆ-1 ವಿನಿಮಯ ವೀಸಾ ಎರಡು ವರ್ಷಗಳ ಬೋಧನಾ ಅನುಭವ ಕೇಳುತ್ತದೆ. ಕೊಲ್ಲಿ ದೇಶಗಳಲ್ಲಿರುವ ಸಿಬಿಎಸ್‌ಇ ಶಾಲೆಗಳು ಮಂಡಳಿಯ ನಿಯಮದಂತೆ ಇಲ್ಲಿನ ಶಿಕ್ಷಕ ಅರ್ಹತೆಯನ್ನೇ ನೋಡುತ್ತವೆ. ಅದರ ಮೇಲೆ ಆಯಾ ದೇಶದ ಶಿಕ್ಷಣ ಇಲಾಖೆಯ ಒಪ್ಪಿಗೆಯೂ ಬೇಕು.

ಹಾಗಾಗಿ ನಮ್ಮ ಪದವೀಧರರ ಪಾಲಿಗೆ ಬಿ.ಎಡ್. ಮತ್ತು ಹೊರದೇಶ ಎರಡು ದಾರಿಗಳಲ್ಲ, ಒಂದೇ ದಾರಿಯ ಹಿಂದುಮುಂದಿನ ಮಜಲುಗಳು. ಬಿ.ಎಡ್. ಇಲ್ಲದೆಯೂ ತೆರೆದುಕೊಳ್ಳುವ ಬಾಗಿಲುಗಳಿವೆ, ಇಲ್ಲವೆನ್ನುವುದಿಲ್ಲ. ಆಗ್ನೇಯ ಏಷ್ಯಾದ ಸಂಜೆ ಹೊತ್ತಿನ ಇಂಗ್ಲಿಷ್ ಕಲಿಕಾ ಕೇಂದ್ರಗಳಲ್ಲಿ ಬರೀ ಪದವಿ ಮತ್ತು ಆನ್‌ಲೈನ್ ಸರ್ಟಿಫಿಕೇಟು ಇದ್ದವರಿಗೂ ಕೆಲಸ ಸಿಗುತ್ತದೆ. ಅಲ್ಲಿ ಒಂದೇ ಕೋಣೆಯಲ್ಲಿ ಒಂದೇ ಪಾಠ ಮಾಡುವ ಇಬ್ಬರ ಸಂಬಳ ಪಾಸ್‌ಪೋರ್ಟಿನ ಬಣ್ಣ ನೋಡಿ ಹೆಚ್ಚುಕಡಿಮೆಯಾಗುವುದುಂಟು. ಕೆಲಸದ ಪರವಾನಗಿ ಆಮೇಲೆ ಮಾಡಿಸಿಕೊಡುತ್ತೇವೆಂದು ಪ್ರವಾಸಿ ವೀಸಾದಲ್ಲಿ ಕರೆದೊಯ್ಯುವವರೂ ಇದ್ದಾರೆ. ಆ ಬಾಗಿಲಿಂದ ಹೋಗುವ ಇಪ್ಪತ್ತೆರಡು ವರ್ಷದವರಿಗೆ ಏನಾದರೂ ಆದರೆ ಕೇಳುವವರು ಯಾರೂ ಇರುವುದಿಲ್ಲ.

ಇಷ್ಟಕ್ಕೇ ವಾದ ಮುಗಿಸಿದರೆ ಅದು ಬರೀ ವೀಸಾದ ವಾದವಾಗುತ್ತದೆ. ಬಿ.ಎಡ್. ಎನ್ನುವುದು ಬಾಗಿಲು ತೆರೆಯುವ ಕಾಗದ ಮಾತ್ರವಾದರೆ ಆ ಕಾಗದವನ್ನು ಹೇಗಾದರೂ ಸಂಪಾದಿಸಿದರೆ ಸಾಕಲ್ಲ ಎಂದು ಯಾರಾದರೂ ಕೇಳಬಹುದು. ಕೇಳುವವರು ಬಹಳ ಮಂದಿ ಇದ್ದಾರೆ, ಹಾಗೆ ಒದಗಿಸುವವರೂ ಇದ್ದಾರೆ. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಶಿಕ್ಷಕ ತರಬೇತಿಯ ಸ್ಥಿತಿಗತಿ ಪರಿಶೀಲಿಸಿ ವರದಿ ಕೊಟ್ಟಿತು. ಅದನ್ನು ಆಧರಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ, ದೇಶದ ಹತ್ತು ಸಾವಿರಕ್ಕೂ ಹೆಚ್ಚು ಬಿಡಿ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಸಂಸ್ಥೆಗಳು ಗಂಭೀರವಾಗಿ ಕಲಿಸುವ ಪ್ರಯತ್ನವನ್ನೂ ಮಾಡದೆ ಪದವಿ ಮಾರುತ್ತಿವೆ ಎಂದು ಬಿಚ್ಚಿಟ್ಟು ಹೇಳಿತು. ಸರ್ಕಾರದ ದಾಖಲೆಯೊಂದು ಇಷ್ಟು ನೇರವಾಗಿ ಮಾತಾಡುವುದು ಅಪರೂಪ. ಕಾಲೇಜಿಗೆ ಹೋಗದೆಯೇ ಹಾಜರಿ ಬೀಳುವ ಬಿ.ಎಡ್. ಯಾವ ಊರಲ್ಲಿ ಸಿಗುತ್ತದೆ ಎಂಬುದು ಪದವಿ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ. ಅಂಥ ಬಿ.ಎಡ್. ಪಡೆದವರು ಎರಡು ವರ್ಷವನ್ನೂ ಕಳೆದುಕೊಂಡರು, ಕಲಿಯಬೇಕಾದದ್ದನ್ನೂ ಕಳೆದುಕೊಂಡರು. ಅದಕ್ಕಿಂತ ಆನ್‌ಲೈನ್ ಕೋರ್ಸೇ ವಾಸಿ, ಅದರಲ್ಲಿ ಹಣವಾದರೂ ಉಳಿಯುತ್ತಿತ್ತು.

ನಾನು ಹೇಳುತ್ತಿರುವುದು ಕಾಗದದಲ್ಲಿ ಇರುವ ಬಿ.ಎಡ್. ಕೋರ್ಸಿನ ಬಗ್ಗೆ. ಅದು ಚೆನ್ನಾಗಿಯೇ ಇದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಒಂದು ವರ್ಷದ ಕೋರ್ಸನ್ನು ಎರಡು ವರ್ಷಕ್ಕೆ ಹಿಗ್ಗಿಸಿದಾಗ ಬಹಳ ಜನ ಗೊಣಗಿದರು. ಆ ಹಿಗ್ಗುವಿಕೆಯ ತಿರುಳು ಶಾಲಾ ಇಂಟರ್ನ್‌ಶಿಪ್. ಒಟ್ಟು 20 ವಾರ: ಮೊದಲ ವರ್ಷ 4, ಎರಡನೆಯ ವರ್ಷ 16. ಪಾಠಗಳಿಗೆ ಶೇ. 80 ಹಾಜರಿ ಸಾಕು, ಇಂಟರ್ನ್‌ಶಿಪ್‌ಗೆ ಶೇ. 90 ಬೇಕು. ನಿಯಮ ಬರೆದವರಿಗೆ ಯಾವುದು ಹೆಚ್ಚು ಎಂಬುದು ತಿಳಿದಿತ್ತು. ವಿದೇಶಿ ಇಂಗ್ಲಿಷ್ ಬೋಧನಾ ಸರ್ಟಿಫಿಕೇಟುಗಳಲ್ಲಿ ಒಳ್ಳೆಯ ಹೆಸರಿರುವ ಸೆಲ್ಟಾದಲ್ಲೂ ಹೊಸಬರು ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಮಾಡುವ ಪಾಠ ಆರು ಗಂಟೆ. ಬರೀ ಆನ್‌ಲೈನ್ ಕೋರ್ಸುಗಳಲ್ಲಿ ಎಷ್ಟೋ ಸಲ ಅದೂ ಇಲ್ಲ.

ಆ ಇಪ್ಪತ್ತು ವಾರಗಳಲ್ಲಿ ಏನು ಕಲಿಯುತ್ತಾರೆ ಎಂಬುದನ್ನು ಒಂದು ಉದಾಹರಣೆಯಿಂದಲೇ ಹೇಳಬೇಕು. ಆರನೇ ಕ್ಲಾಸಿನಲ್ಲಿ ಒಬ್ಬ ಹುಡುಗ 52ರಿಂದ 27 ಕಳೆದು 35 ಎಂದು ಬರೆಯುತ್ತಾನೆ. ಹೊಸ ಮೇಷ್ಟ್ರು ತಪ್ಪು ಎಂದು ಗೀಟೆಳೆದು, ಬೋರ್ಡಿನ ಮೇಲೆ ಸರಿಯಾದ ಲೆಕ್ಕ ಮಾಡಿ ತೋರಿಸಿ ಮುಂದೆ ಹೋಗುತ್ತಾರೆ. ಹುಡುಗ ನಾಳೆ 63ರಿಂದ 48 ಕಳೆದು 25 ಎನ್ನುತ್ತಾನೆ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ವೀಕ್ಷಿಸುತ್ತಿರುವ ಹಿರಿಯ ಶಿಕ್ಷಕಿ ಪಾಠ ಮುಗಿದ ಮೇಲೆ ಕರೆದು, ಅವನು ಹೇಗೆ ಲೆಕ್ಕ ಮಾಡಿದ ಎಂದು ಕೇಳಿದಿರಾ ಅನ್ನುತ್ತಾರೆ. ಕೇಳಿದರೆ ತಿಳಿಯುತ್ತದೆ: ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದೆ ಎನ್ನುತ್ತಾನೆ. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂದು ಎರಡನೇ ಕ್ಲಾಸಿನಲ್ಲಿ ಯಾರೋ ಹೇಳಿಕೊಟ್ಟದ್ದನ್ನು ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ಅವನಿಗೆ ಬೇಕಿರುವುದು ಕಳೆಯುವ ಲೆಕ್ಕವನ್ನು ಇನ್ನೊಮ್ಮೆ ಮಾಡಿ ತೋರಿಸುವುದಲ್ಲ, ಸ್ಥಾನಬೆಲೆ. ಹತ್ತರ ಕಟ್ಟೊಂದನ್ನು ಬಿಚ್ಚಿ ಬಿಡಿ ಕಡ್ಡಿ ಮಾಡಿಕೊಳ್ಳುವುದನ್ನು ಅವನ ಕೈಯಲ್ಲೇ ಮಾಡಿಸಬೇಕು. ಈ ತಿಳಿವಳಿಕೆ ಗಣಿತದ ಎಂ.ಎಸ್ಸಿ.ಯಿಂದ ಬರುವುದಿಲ್ಲ. ಮಗುವಿನ ತಪ್ಪಿನ ಹಿಂದಿರುವ ತರ್ಕವನ್ನು ಹುಡುಕಿ ನೋಡುವ ಅಭ್ಯಾಸದಿಂದ ಬರುತ್ತದೆ, ಆ ಅಭ್ಯಾಸವನ್ನು ಗೊತ್ತಿರುವವರು ಪಕ್ಕದಲ್ಲಿದ್ದು ಮಾಡಿಸಬೇಕಾಗುತ್ತದೆ.

ಆ ಹುಡುಗ ತನ್ನ ಲೆಕ್ಕದ ದಾರಿಯನ್ನು ವಿವರಿಸಿದ್ದು ಕನ್ನಡದಲ್ಲಿ, ಅದೂ ತನ್ನ ಊರಿನ ಕನ್ನಡದಲ್ಲಿ. ಶಿಕ್ಷಕರಿಗೆ ಅದು ಕೂಡಲೇ ಅರ್ಥವಾಯಿತು. ಆಡುವ ಮಾತಿನ ಅರ್ಧಕ್ಕೇ ಮುಂದಿನದು ಹೊಳೆಯುವಂಥ ಮಕ್ಕಳ ಜೊತೆ ಮೊದಲ ಪಾಠಗಳನ್ನು ಮಾಡುವುದಕ್ಕೆ ನಾನು ಇಷ್ಟು ಬೆಲೆ ಕೊಡುವುದು ಇದೇ ಕಾರಣಕ್ಕೆ. ಶಾರ್ಜಾದ ಶಾಲೆಯೊಂದರ ಕ್ಲಾಸಿನಲ್ಲಿ ಮಲಯಾಳಂ, ತೆಲುಗು, ಉರ್ದು, ತಮಿಳು, ಕೊಂಕಣಿ ಮನೆಮಾತಿನ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಮಾಲ್ಡೀವ್ಸಿನ ದ್ವೀಪದ ಶಾಲೆಯಲ್ಲಿ ಎಲ್ಲರೂ ಧಿವೇಹಿ ಮಾತಾಡುವವರೇ, ಮೇಷ್ಟ್ರಿಗೆ ಆ ಭಾಷೆಯ ಗಂಧವಿಲ್ಲ. ಅಲ್ಲಿ ಮಗುವಿನ ತಪ್ಪು ಅರೆಬರೆ ಇಂಗ್ಲಿಷಿನಲ್ಲಿ, ಎರಡು ಮೂರು ಪದಗಳಲ್ಲಿ ಹೊರಬರುತ್ತದೆ. ತಪ್ಪಿನ ಹಿಂದಿನ ತರ್ಕ ಹುಡುಕುವುದು ಮೊದಲೇ ಗೊತ್ತಿದ್ದವರು ಆ ಎರಡು ಪದಗಳಿಂದಲೇ ಊಹಿಸಿ ಸರಿದಾರಿಗೆ ತರಬಲ್ಲರು. ಗೊತ್ತಿಲ್ಲದವರು ಗೀಟೆಳೆಯುತ್ತಾರೆ. ಅಲ್ಲಿನ ಅಪ್ಪ ಅಮ್ಮಂದಿರೂ ಹೊಟ್ಟೆ ಬಟ್ಟೆ ಕಟ್ಟಿ ಫೀಸು ಕಟ್ಟುವವರೇ. ಅವರ ಮಕ್ಕಳು ನಮ್ಮ ಹೊಸ ಪದವೀಧರರ ಪ್ರಯೋಗಕ್ಕೆ ಸಿಕ್ಕವರಾಗಬಾರದು. ಈ ಮಾತು ಜೆಟ್ ಯೋಜನೆಯಲ್ಲಿ ಜಪಾನಿಗೆ ಹೋಗುವ ಅಮೆರಿಕದ ತರುಣರಿಗೂ ಅನ್ವಯಿಸುತ್ತಿತ್ತು, ಆದರೆ ಅಲ್ಲಿ ಅವರು ಸಹಾಯಕರು. ಪಕ್ಕದಲ್ಲಿ ತರಬೇತಾದ ಜಪಾನಿ ಶಿಕ್ಷಕರು ಇರುತ್ತಾರೆ, ತರಗತಿಯ ಹೊಣೆ ಅವರದು. ನಮ್ಮವರನ್ನು ಕೊಲ್ಲಿಗೆ ಕರೆಯುವುದು ಪೂರ್ತಿ ತರಗತಿಯ ಹೊಣೆ ಹೊರಲು.

ಇದಕ್ಕೆ ಎದುರಾಗಿ ನಿಲ್ಲುವ ಒಂದು ವಾದ ಬಲವಾದದ್ದು, ಅದನ್ನು ತಳ್ಳಿಹಾಕಲಾಗದು. ಇಲ್ಲೇ ಇದ್ದು ಬಿ.ಎಡ್. ಮಾಡಿದವರನ್ನು ನಮ್ಮ ವ್ಯವಸ್ಥೆ ಹೇಗೆ ನಡೆಸಿಕೊಳ್ಳುತ್ತದೆ? ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದೇ ಆಗಸ್ಟ್‌ನಲ್ಲಿ ಒಂದರಿಂದ ಎಂಟನೇ ತರಗತಿಯವರೆಗೆ ಕಲಿಸುವವರಿಗೆ ಟಿಇಟಿ, ಅಂದರೆ ಶಿಕ್ಷಕ ಅರ್ಹತಾ ಪರೀಕ್ಷೆ, ಕಡ್ಡಾಯವಾಯಿತು. ಬಿ.ಎಡ್. ಆದಮೇಲೆ ಟಿಇಟಿ, ಅದು ಪಾಸಾದಮೇಲೆ ನೇಮಕಾತಿ ಪರೀಕ್ಷೆ. ರಾಜ್ಯದಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಆಯ್ಕೆ ಪಟ್ಟಿ ಕೋರ್ಟಿನ ಮೆಟ್ಟಿಲೇರಿ, ಆಯ್ಕೆಯಾದ ಬಹಳ ಮಂದಿಗೆ ಆದೇಶ ಕೈಗೆ ಬರುವ ಹೊತ್ತಿಗೆ 2023 ಮುಗಿಯುತ್ತ ಬಂದಿತ್ತು. ಒಂದರಿಂದ ಐದನೇ ತರಗತಿಗೆ ಬಿ.ಎಡ್. ಸಲ್ಲದು, ಡಿ.ಎಡ್.ನಂಥ ಪ್ರಾಥಮಿಕ ತರಬೇತಿಯೇ ಬೇಕು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಶಿಕ್ಷಣಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ತೀರ್ಪು ಎಂದೇ ನನ್ನ ಅಭಿಪ್ರಾಯ, ಆದರೆ ಬಿ.ಎಡ್. ಮುಗಿಸಿ ಕಾಯುತ್ತಿದ್ದವರಿಗೆ ಒಂದು ದಾರಿ ಮುಚ್ಚಿತು. 2025ರ ಸೆಪ್ಟೆಂಬರ್‌ನಲ್ಲಿ, ಟಿಇಟಿ ಬರುವ ಮೊದಲೇ ಕೆಲಸಕ್ಕೆ ಸೇರಿದ್ದು ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವವರೂ ಟಿಇಟಿ ಪಾಸಾಗಬೇಕೆಂಬ ತೀರ್ಪು ಬಂತು. ಇವೆಲ್ಲದರ ನಡುವೆ ಖಾಲಿ ಹುದ್ದೆಗಳಲ್ಲಿ ಪಾಠ ನಡೆಸುತ್ತಿರುವವರು ಹತ್ತಾರು ಸಾವಿರ ಅತಿಥಿ ಶಿಕ್ಷಕರು. ಅವರ ತಿಂಗಳ ಗೌರವಧನ ಹನ್ನೆರಡು ಸಾವಿರದ ಆಸುಪಾಸು. ಬೇಸಿಗೆ ರಜೆ ಬಂದರೆ ಅದೂ ಇಲ್ಲ. ಮುಂದಿನ ಜೂನ್‌ನಲ್ಲಿ ಅದೇ ಶಾಲೆ ಸಿಗುತ್ತದೆಂಬ ಖಾತ್ರಿಯಿಲ್ಲ.

ಇಂಥ ಸ್ಥಿತಿಯಲ್ಲಿ ದೇಶಸೇವೆಯ ಹೆಸರಲ್ಲಿ ಯಾರನ್ನೂ ಇಲ್ಲೇ ಕಟ್ಟಿಹಾಕುವ ಹಕ್ಕು ನಮಗಿಲ್ಲ. ಹೋಗುವುದನ್ನು ದ್ರೋಹವೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಭಾರತದ ಶಿಕ್ಷಕರು ಹೊರಗೆ ಹೋಗಿ ಮಾಡಿದ ಕೆಲಸಕ್ಕೆ ಮರ್ಯಾದೆಯ ಚರಿತ್ರೆಯೇ ಇದೆ. ಹೈಲೆ ಸೆಲಾಸಿಯ ಕಾಲದಲ್ಲಿ ಇಥಿಯೋಪಿಯಾದ ಪ್ರೌಢಶಾಲೆಗಳನ್ನು ನಡೆಸಿದವರಲ್ಲಿ ಭಾರತೀಯರ ಪಾಲು ದೊಡ್ಡದು. 1960ರ ದಶಕದಲ್ಲಿ ಭೂತಾನ್ ಆಧುನಿಕ ಶಾಲೆಗಳನ್ನು ಕಟ್ಟತೊಡಗಿದಾಗ ಬೆಟ್ಟದ ಹಳ್ಳಿಗಳಿಗೆ ನಡೆದುಕೊಂಡು ಹೋಗಿ ಕಲಿಸಿದವರು ನಮ್ಮವರು, ಅದರಲ್ಲೂ ಕೇರಳದವರು. ಮನೆ ಸಾಲ ತೀರಿಸಲು, ತಂಗಿಯ ಓದಿಗೆ, ತಾಯಿಯ ಔಷಧಿಗೆ ದುಡಿಯಬೇಕಾದ ಮಕ್ಕಳಿಗೆ ಹೋಗಬೇಡಿ ಎನ್ನುವುದು ಸುಲಭ. ಅವರ ಮನೆಯ ಖರ್ಚನ್ನು ಹಾಗೆ ಹೇಳಿದವರು ಕೊಡುವುದಿಲ್ಲ.

ಹಾಗಿದ್ದರೆ ನಾನು ಹೇಳುವ ಕ್ರಮ ಇದು. ಹಾಜರಾಗಿ ಕಲಿಯುವ ಬಿ.ಎಡ್. ಮಾಡಿ. ಓದಿದ್ದು ಹಸಿಯಾಗಿರುವಾಗಲೇ ಟಿಇಟಿ ಬರೆದುಬಿಡಿ. 2021ರಿಂದ ಆ ಅರ್ಹತೆಗೆ ಜೀವನಪರ್ಯಂತ ಮಾನ್ಯತೆಯಿದೆ, ಹಿಂದಿನಂತೆ ಏಳು ವರ್ಷಕ್ಕೆ ಮುಗಿಯುವುದಿಲ್ಲ. ಆಮೇಲೆ ಎರಡು ಮೂರು ವರ್ಷ ಇಲ್ಲಿನ ಒಂದು ಶಾಲೆಯಲ್ಲಿ ಪಾಠ ಮಾಡಿ, ಸರ್ಕಾರಿಯೋ ಅನುದಾನಿತವೋ ಖಾಸಗಿಯೋ, ಒಳ್ಳೆಯ ಮುಖ್ಯಶಿಕ್ಷಕರಿರುವ ಕಡೆ. ಆಮೇಲೆ ಹೊರಡಿ. ಹಾಗೆ ಹೋದವರಿಗೆ ಇಂಗ್ಲೆಂಡಿನ, ಅಮೆರಿಕದ ಬಾಗಿಲೂ ತೆರೆದಿರುತ್ತದೆ, ಗಲ್ಫಿನ ಶಾಲೆಗಳಲ್ಲೂ ಸಂಬಳದ ಮಾತಾಡುವಾಗ ಕೈ ಮೇಲಿರುತ್ತದೆ. ಅನುಭವವಿಲ್ಲದೆ ಹೋದವರು, ಅದರಲ್ಲೂ ಗಂಡನ ವೀಸಾದಲ್ಲಿ ಅಲ್ಲಿರುವ ಹೆಣ್ಣುಮಕ್ಕಳು, ಕೊಟ್ಟಷ್ಟಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ. ಸರ್ಕಾರಿ ನೇಮಕಾತಿಗೆ ವಯೋಮಿತಿ ಇದೆ ಎಂಬುದನ್ನೂ ಹೋಗುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊರಗಿನ ಖಾಸಗಿ ಶಾಲೆಯ ಸೇವೆ ಇಲ್ಲಿನ ಜ್ಯೇಷ್ಠತೆಗೆ ಸೇರುವುದಿಲ್ಲ.

ಪಿಯುಸಿಯಲ್ಲೇ ಮೇಷ್ಟ್ರಾಗುವುದೆಂದು ತೀರ್ಮಾನ ಮಾಡಿದವರಿಗೆ ಇನ್ನೂ ಒಳ್ಳೆಯ ದಾರಿಯಿದೆ. ಪದವಿ ಮತ್ತು ಬಿ.ಎಡ್. ಒಟ್ಟಿಗೆ ಸೇರಿದ ನಾಲ್ಕು ವರ್ಷದ ಕೋರ್ಸನ್ನು ಹೊಸ ಶಿಕ್ಷಣ ನೀತಿ 2030ರ ಹೊತ್ತಿಗೆ ಶಿಕ್ಷಕರ ಕನಿಷ್ಠ ಅರ್ಹತೆಯಾಗಿಸಲು ಹೊರಟಿದೆ. ನಮಗಿದು ಹೊಸದಲ್ಲ. 1963ರಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಮಗ್ಗುಲಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು, ಈಗಿನ ಆರ್‌ಐಇ, ಇದನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ. ತನ್ನದೇ ಪ್ರಾಯೋಗಿಕ ಶಾಲೆಯನ್ನು ಆವರಣದಲ್ಲೇ ಇಟ್ಟುಕೊಂಡಿರುವುದು ಅದರ ದೊಡ್ಡ ಗುಣ.

ಹೊರಡುವವರಿಗೆ ಗೊತ್ತಿರಬೇಕಾದ ಒಂದು ಸಂಗತಿಯನ್ನು ಏಜೆಂಟರು ಹೇಳುವುದಿಲ್ಲ. ಹತ್ತನೇ ತರಗತಿ ದಾಟದ ಕೂಲಿಕಾರ ಗಲ್ಫ್‌ಗೆ ಹೋಗುವಾಗ ಅವನ ಕರಾರುಪತ್ರ ಸರ್ಕಾರದ ವಲಸೆ ರಕ್ಷಣಾಧಿಕಾರಿಯ ಕಣ್ಣಿಗೆ ಬೀಳುತ್ತದೆ. ಪದವೀಧರರಿಗೆ ಆ ಅನುಮತಿ ಬೇಕಿಲ್ಲ. ಅಂದರೆ ಅವರ ಕರಾರನ್ನು ಅವರ ಪರವಾಗಿ ಓದುವವರು ಯಾರೂ ಇಲ್ಲ. ದಾದಿಯರು ಹೀಗೇ ಮೋಸ ಹೋಗುತ್ತಿದ್ದುದನ್ನು ಕಂಡು ಕೇಂದ್ರ ಸರ್ಕಾರ 2015ರಲ್ಲಿ ಅವರನ್ನು ಮಾತ್ರ ಈ ರಕ್ಷಣೆಯೊಳಗೆ ತಂದು, 18 ದೇಶಗಳಿಗೆ ಸರ್ಕಾರಿ ಸಂಸ್ಥೆಗಳ ಮೂಲಕವೇ ನೇಮಕಾತಿ ಆಗಬೇಕೆಂದಿತು. ಶಿಕ್ಷಕರಿಗೆ ಅಂಥದ್ದು ಆಗಿಲ್ಲ, ಆಗಬೇಕಿತ್ತು. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ತೆಗೆದುಕೊಳ್ಳುವಂತಿಲ್ಲ. ಎರಡು ಲಕ್ಷ ಕೇಳುವವರಿಗೆ ಈ ನಿಯಮವನ್ನು ತೋರಿಸಬಹುದು. ಪ್ರಮಾಣಪತ್ರಗಳ ದೃಢೀಕರಣ ರಾಜ್ಯದಲ್ಲಿ ಒಮ್ಮೆ, ವಿದೇಶಾಂಗ ಸಚಿವಾಲಯದಲ್ಲಿ ಒಮ್ಮೆ, ಯುಎಇಯಂಥ ದೇಶಗಳಾದರೆ ಆ ದೇಶದ ರಾಯಭಾರ ಕಚೇರಿಯಲ್ಲೂ ಒಮ್ಮೆ ಆಗಬೇಕು. ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ಮುಗಿದ ಮೇಲೆ ಮೂಲಪ್ರತಿಗಳನ್ನು ಶಾಲೆಯ ಕಚೇರಿಯಲ್ಲಿ ಬಿಡಬೇಡಿ. ಯುಎಇಯ ಕಾನೂನಿನಂತೆ ಒಂದು ವರ್ಷ ಪೂರೈಸಿದ ನೌಕರರಿಗೆ ಕೆಲಸ ಬಿಡುವಾಗ ವರ್ಷಕ್ಕೆ 21 ದಿನಗಳ ಮೂಲವೇತನ ಸಿಗಬೇಕು, ಐದು ವರ್ಷದ ನಂತರದ ಪ್ರತಿ ವರ್ಷಕ್ಕೆ 30 ದಿನದ್ದು. ಕರಾರಿನಲ್ಲಿ ಮೂಲವೇತನವನ್ನು ಚಿಕ್ಕದಾಗಿ ಬರೆದು ಭತ್ಯೆಗಳನ್ನು ಉಬ್ಬಿಸಿದರೆ ಈ ಹಣ ಕರಗಿಹೋಗುತ್ತದೆ.

ಕೇರಳ 1977ರಲ್ಲೇ ಒಡೆಪೆಕ್ ಎಂಬ ಸರ್ಕಾರಿ ಕಂಪನಿ ಕಟ್ಟಿ, ಹೊರದೇಶದ ನೇಮಕಾತಿಗಳನ್ನು ತಾನೇ ನಡೆಸತೊಡಗಿತು. ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ಇಲಾಖೆಯ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಬಿ.ಎಡ್. ಕಾಲೇಜುಗಳಿಗೆ ಅದರ ಅಧಿಕಾರಿಗಳು ವರ್ಷಕ್ಕೊಮ್ಮೆಯಾದರೂ ಹೋಗಿ ಮಾತಾಡುವಂತಾದರೆ ಎಷ್ಟೋ ಮನೆಗಳ ಹಣ ಉಳಿದೀತು.

ಇಷ್ಟು ಹೇಳಿದ ಮೇಲೂ ನನ್ನ ವಾದ ಒಂದೇ ಕಂಬದ ಮೇಲೆ ನಿಂತಿದೆ: ಇಂಟರ್ನ್‌ಶಿಪ್ಪಿನ ಆ ಇಪ್ಪತ್ತು ವಾರಗಳಲ್ಲಿ ಯಾರಾದರೂ ಹಿಂದೆ ಕೂತು ಪಾಠ ನೋಡಬೇಕು. ಎಷ್ಟೋ ಶಾಲೆಗಳಲ್ಲಿ ಪ್ರಶಿಕ್ಷಣಾರ್ಥಿಗಳು ಬಂದದ್ದೇ ತಡ, ಖಾಲಿ ಹುದ್ದೆಯ ತರಗತಿಗಳನ್ನೆಲ್ಲ ಅವರಿಗೆ ಒಪ್ಪಿಸಿಬಿಡುತ್ತಾರೆ. ಇರುವ ಶಿಕ್ಷಕರು ಗಣತಿಗೋ ಮತದಾರರ ಪಟ್ಟಿಯ ಕೆಲಸಕ್ಕೋ ಹೋಗಿರುತ್ತಾರೆ. ಮುಖ್ಯಶಿಕ್ಷಕರ ತಪ್ಪೂ ಅಲ್ಲ, ಅವರಿಗೆ ತರಗತಿ ಖಾಲಿ ಬಿಡಲಾಗದು. ಆದರೆ ಅಲ್ಲಿ ನಡೆಯುವುದು ತರಬೇತಿಯಲ್ಲ, ಸಂಬಳವಿಲ್ಲದ ದುಡಿಮೆ. ಅದಕ್ಕೇ ಬಿ.ಎಡ್. ಸೇರುವ ಮೊದಲು ಆ ಕಾಲೇಜಿನ ಹಿಂದಿನ ವರ್ಷದ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೋಗಿ ಮೂರು ವಿಷಯ ಕೇಳಿ. ನಿಮ್ಮನ್ನು ಯಾವ ಶಾಲೆಗೆ ಕಳಿಸಿದರು? ನಿಮ್ಮ ಎಷ್ಟು ಪಾಠಗಳನ್ನು ಪೂರ್ತಿ ಕೂತು ನೋಡಿದರು? ಪಾಠ ಮುಗಿದ ಮೇಲೆ ನಿಮ್ಮೊಡನೆ ಯಾರು, ಎಷ್ಟು ಹೊತ್ತು ಮಾತಾಡಿದರು? ಮೂರನೆಯ ಪ್ರಶ್ನೆಗೆ ಅವರು ಒಂದು ಹೆಸರು ಹೇಳಿ, ಆ ಮಾತುಕತೆಯನ್ನು ನೆನಪಿಸಿಕೊಂಡು ವಿವರಿಸಿದರೆ ಆ ಕಾಲೇಜಿಗೆ ಸೇರಿ, ಅದು ಮನೆಯಿಂದ ದೂರವಿದ್ದರೂ ಸರಿ, ಫೀಸು ಐದು ಸಾವಿರ ಹೆಚ್ಚಿದ್ದರೂ ಸರಿ.